ಮೆಣಸಿನ ಮೊಗ್ಗಿನಲ್ಲಿ ಹನ್ನೆರಡು ಜೋಡಿ

ಪರಾಗ ಸತ್ತರೆ ಬೆಳೆಗಾರನಿಗೆ ನಷ್ಟ. ಪರಾಗವೇ ಇಲ್ಲದ ಗಿಡ ಬೀಜ ತಯಾರಿಸುವವರಿಗೆ ಬಂಗಾರ. ಈ ವಿಚಿತ್ರದ ಗುಟ್ಟು ಅಡಗಿರುವುದು ಜೋಳದ ಕಾಳಿನಷ್ಟು ಸಣ್ಣ ಮೊಗ್ಗಿನೊಳಗೆ.

ಸುಗ್ಗಿಯ ದಿನಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಕಾಲಿಟ್ಟವರಿಗೆ ಮೊದಲು ಬರುವುದು ಸೀನು. ಆಮೇಲೆ ಕಣ್ಣು ತುಂಬುವುದು ಕೆಂಪು. ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು ಬಣ್ಣ, ಹಿತಮಿತವಾದ ಖಾರ - ಇವು ಬ್ಯಾಡಗಿ ಕಾಯಿಯ ಗುರುತು. ತೆಳ್ಳಗೆ ಉದ್ದಕ್ಕಿರುವುದು ‘ಕಡ್ಡಿ’, ಗಿಡ್ಡಗೆ ದಪ್ಪಗಿರುವುದು ‘ಡಬ್ಬಿ’. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಸಾರು, ಹುಳಿ, ಚಟ್ನಿಪುಡಿಗಳಿಗೆ ಬಣ್ಣ ಕೊಡುವ ಈ ಕಾಯಿಯಿಂದ ತೆಗೆದ ಕೆಂಪು ಸತ್ವವನ್ನು ಆಹಾರ ಪದಾರ್ಥಗಳ ಮತ್ತು ಸೌಂದರ್ಯ ಸಾಧನಗಳ ತಯಾರಕರೂ ಬಯಸುತ್ತಾರೆ.

ಆದರೆ ಆ ಮಾರುಕಟ್ಟೆಗೆ ಬರುವ ಕೆಂಪೆಲ್ಲ ಬ್ಯಾಡಗಿ ತಳಿಯದಲ್ಲ. ಮೆಣಸಿನಕಾಯಿ ಬೆಳೆಯುವ ರೈತರ ಮುಂದೆ ಈಗ ಎರಡು ಬಗೆಯ ಬೀಜಗಳಿವೆ. ಒಂದು, ಹೋದ ವರ್ಷದ ಬೆಳೆಯಲ್ಲಿ ಒಳ್ಳೆಯ ಕಾಯಿಗಳನ್ನು ಆರಿಸಿ, ಒಣಗಿಸಿ, ಜೋಪಾನ ಮಾಡಿದ ಮನೆಯ ಬೀಜ. ಇನ್ನೊಂದು, ಅಂಗಡಿಯಿಂದ ತಂದ ಹೈಬ್ರಿಡ್ ಪೊಟ್ಟಣ. ಮೊದಲನೆಯದಕ್ಕೆ ದುಡ್ಡಿಲ್ಲ, ಎರಡನೆಯದು ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೊದಲನೆಯದನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು. ಎರಡನೆಯದನ್ನು ಇಟ್ಟುಕೊಂಡರೆ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದಿರುವುದಿಲ್ಲ.

ಹೀಗೇಕೆ? ಹೈಬ್ರಿಡ್ ಬೀಜ ಅಷ್ಟು ದುಬಾರಿಯೇಕೆ? ಬ್ಯಾಡಗಿಯ ಬೀಜ ವರ್ಷದಿಂದ ವರ್ಷಕ್ಕೆ ಬೆರಕೆಯಾಗುವುದೇಕೆ? ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ದಾರಿ ಒಂದೇ ಕಡೆಗೆ ಹೋಗುತ್ತದೆ: ಮೆಣಸಿನ ಹೂವಿನ ಪರಾಗದ ಕಡೆಗೆ.

ಹೆಸರು ಒಂದು, ಕುಲ ಎರಡು

ಮೆಣಸಿನಕಾಯಿ ಈ ನೆಲದ ಗಿಡವಲ್ಲ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಬಂದಿಳಿದದ್ದು. ಅದಕ್ಕೂ ಮೊದಲು ಇಲ್ಲಿನ ಅಡುಗೆಗೆ ಖಾರ ಕೊಡುತ್ತಿದ್ದುದು ಮಲೆನಾಡಿನ ಕಾಳುಮೆಣಸು. ಹೊಸ ಕಾಯಿಯೂ ಅದೇ ಕೆಲಸ ಮಾಡಿದ್ದರಿಂದ ಕನ್ನಡಿಗರು ಹಳೆಯ ಹೆಸರಿಗೇ ‘ಕಾಯಿ’ ಸೇರಿಸಿದರು. ಇಂಗ್ಲಿಷರೂ ಎರಡನ್ನೂ ‘ಪೆಪ್ಪರ್’ ಎಂದೇ ಕರೆದರು.

ಹೆಸರಿನಲ್ಲಿ ನೆಂಟಸ್ತನವಿದ್ದರೂ ಕುಲದಲ್ಲಿ ಇಲ್ಲ. ಕಾಳುಮೆಣಸಿನ ಬಳ್ಳಿಯ ಜೀವಕೋಶದಲ್ಲಿ ಸಾಮಾನ್ಯವಾಗಿ 52 ವರ್ಣತಂತುಗಳಿದ್ದರೆ ಮೆಣಸಿನಕಾಯಿ ಗಿಡದಲ್ಲಿ 24. ಟೊಮೆಟೊ, ಬದನೆಗಳದ್ದೂ ಇದೇ 24. ಮೂರೂ ಒಂದೇ ಕುಟುಂಬದವು.

ಬೆಳೆಗಾರನ ದೃಷ್ಟಿಯಿಂದ ಇವೆರಡರ ನಡುವೆ ಇನ್ನೂ ದೊಡ್ಡ ವ್ಯತ್ಯಾಸವಿದೆ. ಕಾಳುಮೆಣಸನ್ನು ಬಳ್ಳಿಯ ತುಂಡು ನೆಟ್ಟು ಬೆಳೆಸುತ್ತಾರೆ. ತಾಯಿಬಳ್ಳಿಯ ಗುಣ ತುಂಡಿನಲ್ಲಿ ಹಾಗೆಯೇ ಇಳಿಯುತ್ತದೆ. ‘ವಡಕ್ಕನ್’ ಎಂಬ ತಳಿಯಲ್ಲಿ 78 ವರ್ಣತಂತುಗಳಿವೆ. ಅಂದರೆ ಎರಡು ಪಾಲು ಇರಬೇಕಾದಲ್ಲಿ ಮೂರು ಪಾಲು. ಬೀಜದಿಂದಲೇ ಬೆಳೆಯಬೇಕಾದ ಬೆಳೆಯಾಗಿದ್ದರೆ ಇಂಥ ತಳಿ ಉಳಿಯುವುದೇ ಕಷ್ಟವಾಗುತ್ತಿತ್ತು. ತುಂಡು ನೆಡುವ ಪದ್ಧತಿ ಅದನ್ನು ಉಳಿಸಿಕೊಂಡು ಬಂದಿದೆ. ಮೆಣಸಿನಕಾಯಿಗೆ ಆ ಸೌಕರ್ಯವಿಲ್ಲ. ಅದು ಪ್ರತಿವರ್ಷವೂ ಬೀಜದಿಂದಲೇ ಹುಟ್ಟಬೇಕು. ಬೀಜವಾಗಬೇಕಾದರೆ ಜೀವವಿರುವ ಪರಾಗ ಬೇಕು. ಪರಾಗದಲ್ಲಿ ಜೀವವಿರಬೇಕಾದರೆ ವರ್ಣತಂತುಗಳು ಲೆಕ್ಕ ತಪ್ಪದೆ ಹಂಚಿಕೆಯಾಗಬೇಕು.

ಮೊಗ್ಗಿನೊಳಗಿನ ಹಂಚಿಕೆ

ಅರಳಿದ ಮೆಣಸಿನ ಹೂವನ್ನು ನೋಡಿ. ತಲೆ ಬಗ್ಗಿಸಿಕೊಂಡ ಪುಟ್ಟ ಬಿಳಿ ಹೂವು. ಐದೋ ಆರೋ ದಳ, ಅಷ್ಟೇ ಕೇಸರಗಳು, ನಡುವೆ ಒಂದು ಶಲಾಕೆ. ಕೇಸರದ ತುದಿಯಲ್ಲಿರುವ ನೀಲಿ ಛಾಯೆಯ ಚೀಲಗಳೇ ಪರಾಗಕೋಶಗಳು. ಹೂವು ಅರಳಿದ ಮೇಲೆ ಅವು ಉದ್ದಕ್ಕೆ ಸೀಳಿ ಪರಾಗದ ಹುಡಿ ಹೊರಬೀಳುತ್ತದೆ.

ಆದರೆ ಮುಖ್ಯವಾದ ಕೆಲಸವೆಲ್ಲ ಅದಕ್ಕೂ ಬಹಳ ಮೊದಲೇ, ಮೊಗ್ಗು ಕೆಲವೇ ಮಿಲಿಮೀಟರ್ ಇದ್ದಾಗ, ಮುಗಿದುಹೋಗಿರುತ್ತದೆ. ವಿಜ್ಞಾನಿಗಳು ಅದನ್ನು ನೋಡಲು ಎಳೆಯ ಮೊಗ್ಗುಗಳನ್ನು ಕಿತ್ತು, ಮದ್ಯಸಾರ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಹಾಕುತ್ತಾರೆ. ಆ ಕ್ಷಣದಲ್ಲಿ ಜೀವಕೋಶದೊಳಗೆ ಏನು ನಡೆಯುತ್ತಿತ್ತೋ ಅದು ಹಾಗೆಯೇ ನಿಂತುಬಿಡುತ್ತದೆ. ಬಳಿಕ ಪರಾಗಕೋಶವನ್ನು ಗಾಜಿನ ಪಟ್ಟಿಯ ಮೇಲೆ ಅರೆದು, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ.

ಅಲ್ಲಿ ಕಾಣುವುದು ಒಂದು ಮನೆಯ ಆಸ್ತಿ ಹಂಚಿಕೆಯಂಥ ದೃಶ್ಯ. 24 ವರ್ಣತಂತುಗಳಲ್ಲಿ 12 ತಾಯಿಯ ಕಡೆಯಿಂದ, 12 ತಂದೆಯ ಕಡೆಯಿಂದ ಬಂದವು. ಪರಾಗ ತಯಾರಾಗುವ ಮುನ್ನ ಪ್ರತಿಯೊಂದೂ ತನ್ನ ಜೊತೆಯದನ್ನು ಹುಡುಕಿಕೊಂಡು ಅದರ ಪಕ್ಕದಲ್ಲಿ ಕೂರುತ್ತದೆ. ಹನ್ನೆರಡು ಜೋಡಿಗಳಾಗುತ್ತವೆ. ಜೋಡಿಯಲ್ಲಿದ್ದಾಗ ಒಂದಿಷ್ಟು ತುಣುಕುಗಳ ಕೊಡುಕೊಳ್ಳುವಿಕೆಯೂ ನಡೆಯುತ್ತದೆ. ಆಮೇಲೆ ಜೋಡಿಗಳು ಕೋಶದ ನಡುವೆ ಸಾಲಾಗಿ ನಿಂತು, ಒಂದು ಈ ಕಡೆಗೆ ಒಂದು ಆ ಕಡೆಗೆ ಸರಿಯುತ್ತವೆ. ಇನ್ನೊಂದು ವಿಭಜನೆಯ ಬಳಿಕ ನಾಲ್ಕು ಕೋಶಗಳ ಗುಂಪು ಉಳಿಯುತ್ತದೆ. ಒಂದೊಂದರಲ್ಲೂ 12 ವರ್ಣತಂತುಗಳು. ಈ ನಾಲ್ಕೂ ಬಿಡಿಬಿಡಿಯಾಗಿ, ದುಂಡಗಾಗಿ, ಪರಾಗದ ಕಣಗಳಾಗುತ್ತವೆ.

ಹಂಚಿಕೆ ಸರಿಯಾಗಿದ್ದರೆ ಕಣ ತುಂಬಿಕೊಂಡು ಬಣ್ಣ ಹೀರಿ ಕೆಂಪಗೆ ಕಾಣುತ್ತದೆ. ತಪ್ಪಿದ್ದರೆ ಸೊರಗಿ, ಮುದುಡಿ, ಬಣ್ಣವಿಲ್ಲದೆ ಉಳಿಯುತ್ತದೆ. ನೂರಾರು ಕಣಗಳಲ್ಲಿ ಎಷ್ಟು ಕೆಂಪು, ಎಷ್ಟು ಬಿಳಿ ಎಂದು ಎಣಿಸಿದರೆ ಗಿಡದ ಪರಾಗ ಎಷ್ಟು ಫಲವಂತವಾಗಿದೆ ಎಂಬ ಅಂದಾಜು ಸಿಗುತ್ತದೆ. ಬಣ್ಣ ಹಿಡಿದ ಕಣವೆಲ್ಲ ಮೊಳೆಯಲೇಬೇಕೆಂದಿಲ್ಲ. ಆದ್ದರಿಂದ ಸಕ್ಕರೆ ದ್ರಾವಣದಲ್ಲಿ ಹಾಕಿ, ಕೊಳವೆ ಹೊರಡುತ್ತದೆಯೇ ಎಂದೂ ನೋಡುತ್ತಾರೆ. ನೆಲೆಗೊಂಡ ತಳಿಗಳಲ್ಲಿ ಈ ಹಂಚಿಕೆ ಬಹಳ ಅಚ್ಚುಕಟ್ಟು. ತೊಂದರೆ ಶುರುವಾಗುವುದು ಮನುಷ್ಯ ಬೇರೆ ಬೇರೆ ಜಾತಿಗಳಿಗೆ ಸಂಬಂಧ ಬೆಳೆಸಲು ಹೊರಟಾಗ.

ಜೋಡಿ ಕೂಡದ ಮದುವೆಗಳು

ಲೋಕದಲ್ಲಿ ಬೇಸಾಯಕ್ಕೆ ಒಳಪಟ್ಟ ಮೆಣಸಿನಕಾಯಿ ಜಾತಿಗಳು ಐದು. ಬ್ಯಾಡಗಿ, ಗುಂಟೂರು, ದೊಣ್ಣೆ ಮೆಣಸಿನಕಾಯಿ ಇವೆಲ್ಲ ‘ಆ್ಯನಂ’ ಎಂಬ ಒಂದೇ ಜಾತಿಗೆ ಸೇರಿದವು. ಹಿತ್ತಿಲಲ್ಲಿ ಆಕಾಶ ನೋಡುತ್ತ ನಿಲ್ಲುವ ಸೂಜಿಮೆಣಸು ‘ಫ್ರುಟೆಸೆನ್ಸ್’. 2007ರಲ್ಲಿ ಲೋಕದ ಅತಿ ಖಾರದ ಕಾಯಿಯೆಂದು ಗಿನ್ನೆಸ್ ದಾಖಲೆ ಸೇರಿದ್ದ ಈಶಾನ್ಯ ಭಾರತದ ‘ಭೂತ್ ಜೊಲೊಕಿಯಾ’ವನ್ನು ‘ಚೈನೆನ್ಸ್’ ಜಾತಿಯೊಂದಿಗೆ ಎಣಿಸುತ್ತಾರೆ. ಅದರಲ್ಲಿ ಫ್ರುಟೆಸೆನ್ಸ್‌ನ ರಕ್ತವೂ ಸ್ವಲ್ಪ ಬೆರೆತಿದೆ. ಉಳಿದೆರಡು ದಕ್ಷಿಣ ಅಮೆರಿಕದಲ್ಲಿ ಹೆಚ್ಚಾಗಿ ಬೆಳೆಯುವ ‘ಬ್ಯಾಕೇಟಂ’ ಮತ್ತು ನೇರಳೆ ಹೂ, ಕಪ್ಪು ಬೀಜಗಳ ‘ಪ್ಯುಬೆಸೆನ್ಸ್’.

ಐದರಲ್ಲೂ ಇರುವುದು 24 ವರ್ಣತಂತುಗಳೇ. ಹಾಗಿದ್ದ ಮೇಲೆ ಬೆರಕೆಗೆ ಏನು ಅಡ್ಡಿ? ಅಡ್ಡಿ ಇರುವುದು ಎಣಿಕೆಯಲ್ಲಲ್ಲ, ಜೋಡಣೆಯಲ್ಲಿ. ಬೇಸಾಯದ ಆ್ಯನಂನಲ್ಲಿ ಒಂದನೆಯ ಮತ್ತು ಎಂಟನೆಯ ವರ್ಣತಂತುಗಳ ತುಂಡುಗಳು ಹಿಂದೆಂದೋ ಅದಲುಬದಲಾಗಿವೆ. ಎರಡು ಸಂಪುಟಗಳ ಪುಸ್ತಕವನ್ನು ಹೊಲಿಯುವಾಗ ಮೊದಲನೆಯದರ ಕೊನೆಯ ಪುಟಗಳು ಎರಡನೆಯದಕ್ಕೂ, ಎರಡನೆಯದರವು ಮೊದಲನೆಯದಕ್ಕೂ ಸೇರಿಹೋದಂತೆ. ಎರಡೂ ಸಂಪುಟ ಒಟ್ಟಿಗಿದ್ದರೆ ಒಂದು ಪುಟವೂ ಕಳೆದಿಲ್ಲ. ಗಿಡಕ್ಕೆ ಏನೂ ತೊಂದರೆಯಿಲ್ಲ. ಚೈನೆನ್ಸ್, ಫ್ರುಟೆಸೆನ್ಸ್‌ಗಳಲ್ಲಿ ಪುಟಗಳು ಹಳೆಯ ಕ್ರಮದಲ್ಲಿಯೇ ಇವೆ.

ಈಗ ಇವೆರಡನ್ನು ಸಂಕರಿಸಿದರೆ? ಮಗುವಾದ ಗಿಡ ದಷ್ಟಪುಷ್ಟವಾಗಿ ಬೆಳೆಯಬಹುದು. ಆದರೆ ಮೊಗ್ಗಿನೊಳಗೆ ಜೋಡಿ ಹುಡುಕುವ ಹೊತ್ತಿಗೆ ಒಂದನೆಯ ವರ್ಣತಂತುವಿಗೆ ತನ್ನ ಅರ್ಧ ಒಬ್ಬರಲ್ಲಿ, ಇನ್ನರ್ಧ ಮತ್ತೊಬ್ಬರಲ್ಲಿ ಕಾಣುತ್ತದೆ. ಎರಡೆರಡು ಕೂಡುವ ಬದಲು ನಾಲ್ಕು ಸೇರಿ ಉಂಗುರವೋ ಸರಪಳಿಯೋ ಆಗುತ್ತವೆ. ಅವು ಬಿಡಿಸಿಕೊಂಡು ಹೋಗುವಾಗ ಹಲವು ಪರಾಗ ಕಣಗಳಿಗೆ ಕೆಲವು ಪುಟಗಳು ಎರಡು ಪ್ರತಿ ಸಿಕ್ಕಿ, ಕೆಲವು ಸಿಕ್ಕುವುದೇ ಇಲ್ಲ. ಅಂಥ ಕಣಗಳು ಬದುಕುವುದಿಲ್ಲ. ಇದೊಂದೇ ಕಾರಣದಿಂದ ಪರಾಗದಲ್ಲಿ ಸುಮಾರು ಅರ್ಧದಷ್ಟು ಹಾಳಾಗಬಹುದು. ಅದರ ಜೊತೆಗೆ ಜೊತೆಯೇ ಸಿಗದೆ ಒಂಟಿಯಾಗಿ ಹಿಂದುಳಿಯುವ ವರ್ಣತಂತುಗಳೂ ಇದ್ದರೆ ಹಾನಿ ಇನ್ನೂ ಹೆಚ್ಚು.

ಇದು ಪ್ರಯೋಗಶಾಲೆಯ ಒಗಟು ಮಾತ್ರ ಎಂದು ತಳ್ಳಿಹಾಕುವಂತಿಲ್ಲ. ಹಣ್ಣಾದ ಕಾಯಿಯ ಮೇಲೆ ಉಂಗುರ ಉಂಗುರವಾಗಿ ಕಪ್ಪು ಕಲೆ ಮೂಡಿಸಿ ಕೊಳೆಯಿಸುವ ರೋಗ ಬೆಳೆಗಾರರಿಗೆಲ್ಲ ಗೊತ್ತಿರುವುದೇ. ಅದನ್ನು ತಡೆದುಕೊಳ್ಳುವ ಒಳ್ಳೆಯ ಶಕ್ತಿ ಕಂಡುಬಂದಿರುವುದು ಬ್ಯಾಕೇಟಂ ಮತ್ತು ಚೈನೆನ್ಸ್ ಜಾತಿಯ ಕೆಲವು ಗಿಡಗಳಲ್ಲಿ. ಟೊಮೆಟೊ ಕಲೆ-ಬಾಡು ನಂಜಿಗೆ ತಡೆಯೊಡ್ಡುವ ಒಂದು ಹೆಸರಾದ ವಂಶವಾಹಿ ಬಂದಿರುವುದೂ ಚೈನೆನ್ಸ್‌ನಿಂದಲೇ. ಮದ್ದು ನೆರೆಮನೆಯಲ್ಲಿದೆ, ಆದರೆ ನಡುವೆ ಗೋಡೆಯಿದೆ. ಬ್ಯಾಕೇಟಂ ಜೊತೆ ಸಂಕರಿಸಿದಾಗಲಂತೂ ಎಷ್ಟೋ ಸಲ ಭ್ರೂಣ ಬೀಜದೊಳಗೇ ಸಾಯುತ್ತದೆ. ಅದನ್ನು ಎಳೆಯದಾಗಿರುವಾಗಲೇ ಬಿಡಿಸಿ ಗಾಜಿನ ನಳಿಗೆಯಲ್ಲಿ ಸಾಕಬೇಕಾಗುತ್ತದೆ. ಹಾಗೆ ಬದುಕಿದ ಗಿಡದ ಅಷ್ಟಿಷ್ಟು ಜೀವಂತ ಪರಾಗವನ್ನೇ ನಂಬಿ, ಪೀಳಿಗೆಯಿಂದ ಪೀಳಿಗೆಗೆ ಆ್ಯನಂಗೆ ಮರಳಿ ಸಂಕರಿಸುತ್ತ, ಬೇಕಾದ ಗುಣವನ್ನಷ್ಟೇ ಇಳಿಸಿಕೊಳ್ಳಬೇಕು. ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸವಿದು.

ಹೆಚ್ಚು ಮಾಡಿದರೂ ಕಷ್ಟ, ಕಡಿಮೆ ಮಾಡಿದರೂ ಕಷ್ಟ

ವರ್ಣತಂತುಗಳ ಸಂಖ್ಯೆಯನ್ನೇ ಬದಲಿಸಿ ನೋಡಿದವರೂ ಇದ್ದಾರೆ. ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಗಿಡಗಳ ವರ್ಣತಂತುಗಳನ್ನು ಇಮ್ಮಡಿ ಮಾಡಬಹುದೆಂದು 1930ರ ದಶಕದಲ್ಲಿ ತಿಳಿದಾಗ ಲೋಕದೆಲ್ಲೆಡೆ ಉತ್ಸಾಹ ಮೂಡಿತು. ಭಾರತದಲ್ಲಿ ಬಿ.ಪಿ. ಪಾಲ್, ಎಸ್. ರಾಮಾನುಜಂ ಮತ್ತು ಎ.ಬಿ. ಜೋಶಿ ಅದನ್ನು ಮೆಣಸಿನಕಾಯಿಯ ಮೇಲೆ ಪ್ರಯೋಗಿಸಿ 1941ರಲ್ಲಿ ವರದಿ ಪ್ರಕಟಿಸಿದರು. ಇದೇ ಪಾಲ್ ಮುಂದೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು.

48 ವರ್ಣತಂತುಗಳ ಗಿಡದಲ್ಲಿ ಎಲೆ ದಪ್ಪ, ಹೂವು ದೊಡ್ಡದು, ಪರಾಗದ ಕಣವೂ ದೊಡ್ಡದು. ಆದರೆ ಪ್ರತಿ ವರ್ಣತಂತುವಿಗೂ ನಾಲ್ಕು ಪ್ರತಿಗಳಿರುವುದರಿಂದ ಜೋಡಿ ಕೂಡುವಾಗ ಗೊಂದಲ. ಎರಡೆರಡಾಗಿ ಕೂಡುವ ಕಡೆ ಮೂರು, ನಾಲ್ಕು ಸೇರಿಕೊಳ್ಳುತ್ತವೆ. ಪರಾಗದ ಫಲವಂತಿಕೆ ಇಳಿಯುತ್ತದೆ, ಕಾಯಿಯಲ್ಲಿ ಬೀಜ ಕಡಿಮೆಯಾಗುತ್ತದೆ. ಬೀಜದಿಂದಲೇ ಬೆಳೆಯಬೇಕಾದ ಬೆಳೆಗೆ ಇದು ಒಗ್ಗುವ ಮಾತಲ್ಲ.

ಇದಕ್ಕೆ ವಿರುದ್ಧವಾಗಿ, 12 ಮಾತ್ರ ಇರುವ ಗಿಡಗಳೂ ಉಂಟು. ಜೊತೆಯೇ ಇಲ್ಲದ ಅವು ಬಂಜೆ. ಆದರೂ ಅವು ಉಪಯೋಗಕ್ಕೆ ಬಂದವು. 1973ರಲ್ಲಿ ಭಾರತ ಹಾಗೂ ಚೀನಾದ ವಿಜ್ಞಾನಿಗಳು ಮೆಣಸಿನ ಪರಾಗಕೋಶವನ್ನೇ ಪೋಷಕ ದ್ರವದಲ್ಲಿ ಬೆಳೆಸಿ, ಪರಾಗದಿಂದ ನೇರವಾಗಿ ಗಿಡ ಪಡೆದರು. ಅಂಥ ಗಿಡದ 12ನ್ನು ಕಾಲ್ಚಿಸಿನ್‌ನಿಂದ 24 ಮಾಡಿದರೆ ಪ್ರತಿ ಜೋಡಿಯೂ ಪಡಿಯಚ್ಚು. ಆರೇಳು ಪೀಳಿಗೆ ಕಾದು ಪಡೆಯಬೇಕಾದ ಶುದ್ಧ ತಳಿ ಒಂದೇ ಪೀಳಿಗೆಯಲ್ಲಿ ಕೈಗೆ ಬರುತ್ತದೆ. 2014ರಲ್ಲಿ ಕೊರಿಯಾದ ಮತ್ತು ಚೀನಾದ ತಂಡಗಳು ಬೇರೆ ಬೇರೆಯಾಗಿ ಮೆಣಸಿನಕಾಯಿಯ ಹನ್ನೆರಡೂ ವರ್ಣತಂತುಗಳ ಬರಹವನ್ನು ಓದಿ ಪ್ರಕಟಿಸಿದವು. ಸುಮಾರು 350 ಕೋಟಿ ಅಕ್ಷರಗಳ ಆ ಬರಹ ಮನುಷ್ಯನದಕ್ಕಿಂತ ತುಸು ದೊಡ್ಡದು; ಟೊಮೆಟೊವಿನ ಸುಮಾರು ನಾಲ್ಕು ಪಟ್ಟು.

ಬಂಜೆ ಗಿಡಕ್ಕೆ ಬಂದ ಬೆಲೆ

ಹೈಬ್ರಿಡ್ ಬೀಜವೆಂದರೆ ಎರಡು ಶುದ್ಧ ತಳಿಗಳ ಮೊದಲ ಪೀಳಿಗೆಯ ಮಗು. ಅದನ್ನು ಪಡೆಯಲು ತಾಯಿಗಿಡದ ಹೂವಿಗೆ ತಂದೆಗಿಡದ ಪರಾಗ ಮಾತ್ರ ತಾಗಬೇಕು. ಆದರೆ ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳು ಒಂದೇ ಕಡೆ. ಬಿಟ್ಟರೆ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಚಿಮುಟದಿಂದ ಬಿಡಿಸಿ, ಪರಾಗಕೋಶಗಳನ್ನು ಒಂದೂ ಬಿಡದೆ ತೆಗೆಯಬೇಕು. ಮರುದಿನ ಬೆಳಿಗ್ಗೆ ತಂದೆಗಿಡದ ಪರಾಗ ತಂದು ಶಲಾಕೆಯ ತುದಿಗೆ ಮುಟ್ಟಿಸಬೇಕು. ಬೆರಸಿದ ಹೂವಿಗೆ ಗುರುತು ಮಾಡಬೇಕು. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ‘ಭಾರತ್’ ಎಂಬ ಹೈಬ್ರಿಡ್ ದೊಣ್ಣೆ ಮೆಣಸಿನಕಾಯಿಯನ್ನು ಹೊರತಂದಾಗ ದೇಶಕ್ಕೆ ಇದು ಹೊಸದು. ಅದರ ಸ್ಥಾಪಕ ಮನಮೋಹನ ಅತ್ತಾವರ ಅವರನ್ನು ಭಾರತದ ಹೈಬ್ರಿಡ್ ಬೀಜೋದ್ಯಮದ ಮೊದಲಿಗರಲ್ಲಿ ಎಣಿಸುತ್ತಾರೆ. ಮುಂದೆ ರಾಣೆಬೆನ್ನೂರಿನ ಸುತ್ತಮುತ್ತ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬಾಗಿಯೇ ಬೆಳೆಯಿತು. ಪರದೆ ಕಟ್ಟಿದ ಮಡಿಗಳಲ್ಲಿ ಬಗ್ಗಿ ನಿಂತು, ಹೂವು ಹೂವಿಗೂ ಕೈಯಾಡಿಸುವ ಈ ಕೆಲಸದಲ್ಲಿ ಹೆಂಗಸರದೇ ಹೆಚ್ಚಿನ ಪಾಲು. ಪೊಟ್ಟಣದ ಬೆಲೆಯ ಹಿಂದೆ ಇಂಥ ಲೆಕ್ಕವಿಲ್ಲದಷ್ಟು ಬೆರಳುಗಳ ದುಡಿಮೆ ಇದೆ.

ಪರಾಗವೇ ಇಲ್ಲದ ತಾಯಿಗಿಡ ಸಿಕ್ಕರೆ? ಪರಾಗಕೋಶ ಕೀಳುವ ಅರ್ಧ ಕೆಲಸ ತಪ್ಪಿತು! ಬೀಜ ತಯಾರಕರು ಬಂಜೆ ಗಿಡಗಳನ್ನು ಹುಡುಕಿಕೊಂಡು ಹೋದದ್ದು ಈ ಕಾರಣಕ್ಕೆ.

ಇಂಥ ಗಿಡಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ವರ್ಣತಂತುವಿನ ಮೇಲಿರುವ ಒಂದು ವಂಶವಾಹಿಯ ದೋಷದಿಂದ ಪರಾಗ ಆಗುವುದಿಲ್ಲ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಜನಪ್ರಿಯಗೊಳಿಸಿದ ‘ಸಿಎಚ್-1’ ಹೈಬ್ರಿಡ್ ಇಂಥ ತಾಯಿಯಿಂದ ಬಂದದ್ದು. ಇದರಲ್ಲಿ ಒಂದು ತಾಪತ್ರಯವಿದೆ. ತಾಯಿ ಸಾಲಿನಲ್ಲಿ ಹುಟ್ಟುವ ಗಿಡಗಳಲ್ಲಿ ಅರ್ಧ ಮಾತ್ರ ಬಂಜೆ. ಉಳಿದರ್ಧವನ್ನು ಹೂವು ಬರುತ್ತಿದ್ದಂತೆ ಗುರುತಿಸಿ ಕಿತ್ತೆಸೆಯಬೇಕು.

ಎರಡನೆಯ ಬಗೆಯ ಕತೆ ಕುತೂಹಲದ್ದು. ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಮೆಣಸಿನಕಾಯಿ ಬೀಜದ ಮಾದರಿಯೊಂದಕ್ಕೆ ಅಲ್ಲಿನವರು ‘ಪಿಐ 164835’ ಎಂದು ಸಂಖ್ಯೆ ಕೊಟ್ಟಿದ್ದರು. ಅದರಲ್ಲಿ ಪರಾಗವಿಲ್ಲದ ಗಿಡಗಳು ಕಂಡುಬಂದವು. ಈ ಬಂಜೆತನ ತಾಯಿಯ ಕಡೆಯಿಂದ, ಕೋಶರಸದ ಮೂಲಕ ಇಳಿದು ಬರುತ್ತದೆ ಎಂದು ಪೀಟರ್ ಪೀಟರ್ಸನ್ ಎಂಬ ಅಮೆರಿಕನ್ ವಿಜ್ಞಾನಿ 1958ರಲ್ಲಿ ತೋರಿಸಿಕೊಟ್ಟರು. ಇಲ್ಲಿ ದೋಷವಿರುವುದು ಆ ಹನ್ನೆರಡು ಜೋಡಿಗಳಲ್ಲಲ್ಲ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿ. 2007ರಲ್ಲಿ ಕೊರಿಯಾದ ಸಂಶೋಧಕರು ‘ಓಆರ್‌ಎಫ್456’ ಎಂಬ ಮೈಟೋಕಾಂಡ್ರಿಯಾ ವಂಶವಾಹಿಗೂ ಈ ಬಂಜೆತನಕ್ಕೂ ಇರುವ ನಂಟನ್ನು ತೋರಿಸಿದರು. ಪರಾಗಕ್ಕೆ ಉಣಿಸಬೇಕಾದ ಸುತ್ತಲಿನ ದಾದಿಕೋಶಗಳ ಪದರ ಕೆಡುತ್ತದೆ. ಎಳೆಯ ಪರಾಗ ಕಣಗಳು ಬೆಳೆಯದೆ ಸಾಯುತ್ತವೆ. ಹೆಣ್ಣು ಭಾಗಕ್ಕೆ ಏನೂ ಆಗುವುದಿಲ್ಲ.

ಈ ದೋಷವನ್ನು ಸರಿಪಡಿಸುವ ವಂಶವಾಹಿಯೂ ಇದೆ, ಅದು ವರ್ಣತಂತುವಿನ ಮೇಲೆ. ತಂದೆಗಿಡದಲ್ಲಿ ಅದಿದ್ದರೆ ಹೈಬ್ರಿಡ್ ಮಗುವಿನಲ್ಲಿ ಪರಾಗ ಮರಳುತ್ತದೆ. ಖಾರದ ಸಣ್ಣ ಕಾಯಿಯ ತಳಿಗಳಲ್ಲಿ ಈ ‘ಪರಿಹಾರಕ’ ಸಾಕಷ್ಟು ಸಿಗುತ್ತದೆ; ದೊಣ್ಣೆ ಮೆಣಸಿನಕಾಯಿಯಲ್ಲಿ ಅಪರೂಪ. ಖಾರದ ಮೆಣಸಿನಕಾಯಿಯಲ್ಲಿ ಈ ವಿಧಾನ ಹಬ್ಬಿದಷ್ಟು ದೊಣ್ಣೆ ಮೆಣಸಿನಕಾಯಿಯಲ್ಲಿ ಹಬ್ಬದಿರಲು ಇದು ಮುಖ್ಯ ಕಾರಣ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಮೇಘನಾ’, ‘ಅರ್ಕಾ ಹರಿತಾ’ ಹೈಬ್ರಿಡ್‌ಗಳು ಈ ಎರಡನೆಯ ಬಗೆಯ ತಾಯಿಯಿಂದ ಹುಟ್ಟಿದವು. ಭಾರತದ ಯಾವುದೋ ಹೊಲದ ಬೀಜದೊಂದಿಗೆ ಹೋದ ಗುಣ, ಲೋಕ ಸುತ್ತಿ, ಹೈಬ್ರಿಡ್ ಉದ್ಯಮದ ಬಂಡವಾಳವಾಗಿದೆ!

ಬಿಸಿಲು, ಚಳಿಯ ಪಾಲು

ವರ್ಣತಂತುಗಳೆಲ್ಲ ಸರಿಯಿದ್ದರೂ ಹವೆ ಕೆಟ್ಟರೆ ಪರಾಗ ಕೆಡುತ್ತದೆ. ಹಗಲಿನ ಉಷ್ಣತೆ 33-35 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತರೆ, ಎಳೆಯ ಮೊಗ್ಗಿನೊಳಗಿನ ಪರಾಗ ಸೊರಗುತ್ತದೆ. ಪೆಟ್ಟು ಬಿದ್ದದ್ದು ಮೊಗ್ಗಿಗೆ, ಫಲ ಕಾಣುವುದು ಹೂವಿನಲ್ಲಿ. ಹೀಗಾಗಿ ಬಿಸಿಲು ತಗ್ಗಿದ ಮೇಲೂ ಹೂವು ಉದುರುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಹೂ ನಿಲ್ಲಿಸುವ ಔಷಧಿ ಸಿಂಪಡಿಸಿದರೆ ತೊಟ್ಟು ಕಳಚುವುದು ಕಡಿಮೆಯಾಗಬಹುದು. ಸತ್ತ ಪರಾಗಕ್ಕೆ ಮಾತ್ರ ಜೀವ ಬರುವುದಿಲ್ಲ. ಬೇಸಿಗೆಯ ನೀರಾವರಿ ಬೆಳೆಯಲ್ಲಿ ಹದವಾದ ತೇವ ಕಾಯುವುದು, ಹೂ ಬಿಡುವ ಕಾಲ ಕಡುಬಿಸಿಲಿಗೆ ಸಿಗದಂತೆ ನಾಟಿ ಹೊಂದಿಸುವುದು ಹೆಚ್ಚು ಫಲಕಾರಿ.

ಚಳಿಯೂ ಹೀಗೆಯೇ. ರಾತ್ರಿ ತೀರ ತಂಪಾದರೆ ಪರಾಗ ವಿಕಾರಗೊಂಡು, ಬೀಜವಿಲ್ಲದ ಗಿಡ್ಡ ಕಾಯಿಗಳು ಬರುತ್ತವೆ. ಬೀಜೋತ್ಪಾದಕರಿಗೆ ಚಳಿ ತಂದೊಡ್ಡುವ ಕಷ್ಟ ಇದಕ್ಕೆ ತದ್ವಿರುದ್ಧ. ಕೋಶರಸದ ದೋಷವಿರುವ ಕೆಲವು ಬಂಜೆ ಗಿಡಗಳು ತಂಪಿನಲ್ಲಿ ಒಂದಿಷ್ಟು ಪರಾಗ ಕೊಡಲು ಶುರುಮಾಡುತ್ತವೆ. ಆಗ ತಾಯಿ ತನ್ನ ಪರಾಗದಿಂದಲೇ ಕಾಯಿ ಕಟ್ಟಿ, ಹೈಬ್ರಿಡ್ ಎಂದು ಪೊಟ್ಟಣ ಸೇರುವ ಬೀಜದಲ್ಲಿ ಹೈಬ್ರಿಡ್ ಅಲ್ಲದ್ದೂ ಬೆರೆಯುವ ಅಪಾಯವಿದೆ.

ಪೊಟ್ಟಣದ ಬೀಜಕ್ಕೆ ಎರಡನೆಯ ವರ್ಷ

ಹೈಬ್ರಿಡ್ ಗಿಡದಲ್ಲಿ ಪ್ರತಿ ಜೋಡಿಯ ಎರಡು ವರ್ಣತಂತುಗಳೂ ಬೇರೆ ಬೇರೆ ತಳಿಯವು. ಆ ವರ್ಷ ಹೊಲದ ಗಿಡಗಳೆಲ್ಲ ಒಂದೇ ರೂಪ. ಆದರೆ ಅವುಗಳ ಮೊಗ್ಗಿನಲ್ಲಿ ಮತ್ತೆ ಹಂಚಿಕೆ ನಡೆದಾಗ ಪ್ರತಿ ಪರಾಗಕ್ಕೂ ಪ್ರತಿ ಅಂಡಕ್ಕೂ ಹೊಸ ಹೊಸ ಬೆರಕೆ ಸಿಗುತ್ತದೆ. ಅದರ ಬೀಜ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಕಾಯಿ ಉದ್ದ, ಇನ್ನೊಂದರದು ಮೊಂಡು. ಬಣ್ಣ, ಖಾರ, ರೋಗ ತಡೆಯುವ ಶಕ್ತಿ ಎಲ್ಲವೂ ಹೀಗೆಯೇ.

ಕೋಶರಸದ ಬಂಜೆತನದ ತಾಯಿಯಿಂದ ಬಂದ ಹೈಬ್ರಿಡ್ ಆಗಿದ್ದರೆ ಇನ್ನೊಂದು ಪೆಟ್ಟೂ ಇದೆ. ಎರಡನೆಯ ವರ್ಷದ ಗಿಡಗಳಿಗೆಲ್ಲ ತಾಯಿಯ ದೋಷ ಬಂದೇ ಬರುತ್ತದೆ; ಅದನ್ನು ಸರಿಪಡಿಸುವ ವಂಶವಾಹಿ ಎಲ್ಲಕ್ಕೂ ಬರುವುದಿಲ್ಲ. ಅದು ಒಂದೇ ವಂಶವಾಹಿಯಾಗಿದ್ದರೆ ಮೆಂಡೆಲನ ಲೆಕ್ಕದಂತೆ ನಾಲ್ಕರಲ್ಲಿ ಒಂದು ಗಿಡಕ್ಕೆ ಪರಾಗವಿರುವುದಿಲ್ಲ. ಅಕ್ಕಪಕ್ಕದ ಗಿಡಗಳ ಪರಾಗ ಜೇನುಹುಳುವಿನ ದಯೆಯಿಂದ ತಲುಪಿದರೆ ಅದು ಕಾಯಿ ಕಟ್ಟೀತು, ಇಲ್ಲದಿದ್ದರೆ ಹೂವು ಉದುರೀತು. ‘ಪೊಟ್ಟಣದ ಬೀಜ ಇಟ್ಟುಕೊಳ್ಳಬೇಡಿ’ ಎಂಬ ಮಾತಿನಲ್ಲಿ ಮಾರುವವರ ಲಾಭವೂ ಇದೆ, ಸಸ್ಯದ ಸತ್ಯವೂ ಇದೆ.

ಜೇನುಹುಳುವಿಗೆ ಬದು ತಿಳಿಯದು

ಮನೆಯ ಬೀಜಕ್ಕೆ ಈ ದೋಷವಿಲ್ಲ. ಬ್ಯಾಡಗಿಯಂಥ ನೆಲೆಗೊಂಡ ತಳಿಯಲ್ಲಿ ಜೋಡಿಯ ಎರಡೂ ಬಹುಮಟ್ಟಿಗೆ ಒಂದೇ ರೀತಿ ಇರುವುದರಿಂದ ಹಂಚಿಕೆ ಹೇಗೆ ನಡೆದರೂ ಮಗು ತಾಯಿಯಂತೆಯೇ. ಅಪಾಯ ಬರುವುದು ಹೊರಗಿನಿಂದ. ಮೆಣಸಿನಕಾಯಿ ಸ್ವಂತ ಪರಾಗದಿಂದ ಕಾಯಿ ಕಟ್ಟಬಲ್ಲದಾದರೂ ಜೇನು ಮತ್ತಿತರ ಹುಳುಗಳಿಂದ ಧಾರಾಳವಾಗಿ ಬೆರಕೆಯಾಗುತ್ತದೆ. ಪಕ್ಕದ ಹೊಲದಲ್ಲಿ ಹೈಬ್ರಿಡ್ ಇದ್ದರೆ ಅದರ ಪರಾಗ ಬ್ಯಾಡಗಿಯ ಹೂವಿಗೆ ತಲುಪುವುದನ್ನು ಬದು ತಡೆಯಲಾರದು.

ಇಲ್ಲೊಂದು ಮೋಸವಿದೆ. ಬೆರಕೆಯಾದ ವರ್ಷ ಕಾಯಿಯಲ್ಲಿ ಏನೂ ತಿಳಿಯುವುದಿಲ್ಲ. ಕಾಯಿಯ ಸಿಪ್ಪೆ, ಖಾರ ತುಂಬಿದ ಒಳಗಿನ ಬಿಳಿ ತಿರುಳು ಎಲ್ಲ ತಾಯಿಗಿಡದ್ದೇ. ಖಾರದ ಗಿಡದ ಪಕ್ಕದಲ್ಲಿ ನೆಟ್ಟರೆ ದೊಣ್ಣೆ ಮೆಣಸಿನಕಾಯಿ ಅದೇ ವರ್ಷ ಖಾರವಾಗುತ್ತದೆಂಬ ನಂಬಿಕೆ ಸರಿಯಲ್ಲ. ಬೆರಕೆ ಅಡಗಿರುವುದು ಬೀಜದಲ್ಲಿ. ಅದು ಮುಂದಿನ ವರ್ಷ ಹೊಲದಲ್ಲಿ ಹೊರಬೀಳುತ್ತದೆ. ಕಾಯಿಯ ಅಂದ ನೋಡಿ ಬೀಜ ಆರಿಸಿದ ರೈತ ಅರಿಯದೆಯೇ ಬೆರಕೆಯನ್ನು ಮನೆಗೆ ತಂದಿರುತ್ತಾನೆ.

ಬೀಜ ಪ್ರಮಾಣೀಕರಣದ ನಿಯಮದಂತೆ ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ ನಡುವೆ 200 ಮೀಟರ್, ಮೂಲ ಬೀಜವಾದರೆ 400 ಮೀಟರ್ ಅಂತರವಿರಬೇಕು. ತುಂಡು ಭೂಮಿಯ ರೈತನಿಗೆ ಅಷ್ಟು ಅಂತರ ಎಲ್ಲಿಂದ ಬರಬೇಕು? ಅದಕ್ಕೂ ಸರಳ ದಾರಿಯಿದೆ. ಬೀಜಕ್ಕಾಗಿ ಇಡೀ ಹೊಲ ಬೇಡ. ಹೊಲದ ನಡುವಿನ ಹತ್ತಾರು ರೋಗವಿಲ್ಲದ, ತಳಿಯ ಗುಣ ತೋರುವ ಗಿಡಗಳನ್ನು ಆರಿಸಿ, ಹೂವು ಅರಳುವ ಮುನ್ನ ಸಣ್ಣ ಕಣ್ಣಿನ ಪರದೆ ಹೊದಿಸಿದರೆ ಹುಳು ಒಳಗೆ ಬಾರದು. ಆ ಮೊದಲೇ ಅರಳಿದ್ದ ಹೂವು, ಕಟ್ಟಿದ್ದ ಕಾಯಿಗಳನ್ನು ಕಿತ್ತುಬಿಡಬೇಕು. ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಕಾಯಿ ನಿಂತ ಮೇಲೆ ಪರದೆ ತೆಗೆದು, ಆ ಕಾಯಿಗಳಿಗೆ ದಾರ ಕಟ್ಟಿ ಗುರುತು ಮಾಡಿ, ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟರೆ ಮುಂದಿನ ವರ್ಷದ ಸಸಿಮಡಿಗೆ ಬೇಕಾದ ಬೀಜ ಸಿದ್ಧ.

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬ್ರ್ಯಾಂಡ್ ಹಾಕದೆ ಮಾರುವುದಕ್ಕೂ ಅವಕಾಶವಿದೆ. ಆದರೆ ಉಳಿಸಿಕೊಂಡ ಬೀಜ ನಿಜವಾಗಿ ಬ್ಯಾಡಗಿಯದೇ ಆಗಿರುವಂತೆ ಯಾವ ಕಾಯ್ದೆಯೂ ನೋಡಿಕೊಳ್ಳಲಾರದು. ಹೈಬ್ರಿಡ್ ಬೆಳೆಯುವುದು ತಪ್ಪಲ್ಲ; ಇಳುವರಿ, ನೀರು, ಮಾರುಕಟ್ಟೆ ನೋಡಿಕೊಂಡು ರೈತ ನಿರ್ಧರಿಸಬೇಕಾದ ವಿಷಯ ಅದು. ಅವನ ಆಯ್ಕೆ ಉಳಿಯಬೇಕಾದರೆ ಹಳೆಯ ತಳಿಯ ಶುದ್ಧ ಬೀಜ ಊರಿನಲ್ಲಿ ಎಲ್ಲೋ ಒಂದೆರಡು ಮನೆಗಳಲ್ಲಾದರೂ ಇರಬೇಕು. ಹೊಸ ಹೈಬ್ರಿಡ್ ಕಟ್ಟುವವರಿಗೂ ಕೊನೆಗೆ ಬೇಕಾಗುವುದು ಅಂಥ ಶುದ್ಧ ತಳಿಗಳೇ. ಹತ್ತು ಗಿಡ, ಒಂದು ಪರದೆ, ನಾಲ್ಕು ವಾರಗಳ ಕಾವಲು - ಖರ್ಚು ಇಷ್ಟೇ.